ಮಗುವಿಗೆ ಸೀತಾಳೆ ಸಿಡುಬು: ಮನೆಯಲ್ಲಿ ಆರೈಕೆ

ಸೀತಾಳೆ ಸಿಡುಬು ವೆರಿಸೆಲ್ಲಾ-ಜೋಸ್ಟರ್ ಎಂಬ ವೈರಾಣುವಿನಿಂದ ಬರುವ ಅಂಟುಕಾಯಿಲೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯಲ್ಲಿ ಮಗುವಿಗೆ ‘ಅಮ್ಮ ಆಗಿದೆ’ ಎಂದರೆ ಈಗ ಬಹುಮಟ್ಟಿಗೆ ಇದೇ ಕಾಯಿಲೆ. ವರ್ಷದ ಯಾವ ತಿಂಗಳಲ್ಲಾದರೂ ಬರಬಹುದಾದರೂ, ಚಳಿ ಹಿಂದಾಗಿ ಬಿಸಿಲೇರುವ ಜನವರಿಯಿಂದ ಏಪ್ರಿಲ್‌ವರೆಗೆ ಇದರ ಕಾಟ ಹೆಚ್ಚು. ಆರೋಗ್ಯವಂತ ಮಕ್ಕಳಲ್ಲಿ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮನೆಯವರ ಆರೈಕೆಯೇ ಇಲ್ಲಿ ಮುಖ್ಯ ಚಿಕಿತ್ಸೆ. ಆ ಆರೈಕೆಗೆ ಈ ಭಾಗದ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ಕಟ್ಟುನಿಟ್ಟಿನ ಕ್ರಮವಿದೆ. ಅದರಲ್ಲಿ ಅರ್ಧದಷ್ಟು ಇಂದಿನ ವೈದ್ಯರೂ ಒಪ್ಪುವಂಥದ್ದು, ಇನ್ನರ್ಧ ಮಗುವಿಗೆ ಕೇಡು ಮಾಡುವಂಥದ್ದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾಯಂದಿರಿಗೆ ಸ್ಪಷ್ಟವಾಗಿ ಗೊತ್ತಿರಬೇಕು.

ಕಾಯಿಲೆ ಶುರುವಾಗುವುದು ಸಣ್ಣ ಜ್ವರ, ಮೈಕೈ ನೋವು, ಊಟ ಬೇಡವೆನ್ನುವ ಹಟದಿಂದ. ತೀರ ಎಳೆಯ ಮಕ್ಕಳಲ್ಲಿ ಜ್ವರಕ್ಕಿಂತ ಮೊದಲು ಗುಳ್ಳೆಯೇ ಕಾಣಿಸಬಹುದು. ಮೊದಲು ತಲೆ, ಮುಖ, ಎದೆ, ಬೆನ್ನಿನ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಕೆಲವೇ ಗಂಟೆಗಳಲ್ಲಿ ಚುಕ್ಕೆ ಉಬ್ಬಿ, ಬೆಳಗಿನ ಎಲೆಯ ಮೇಲಿನ ಇಬ್ಬನಿಯಂತೆ ತಿಳಿನೀರು ತುಂಬಿದ ತೆಳು ಗುಳ್ಳೆಯಾಗುತ್ತದೆ. ಒಂದೆರಡು ದಿನದಲ್ಲಿ ನೀರು ಮಬ್ಬಾಗಿ, ಗುಳ್ಳೆ ಬತ್ತಿ, ಮೇಲೆ ಹಕ್ಕಳೆ ಕಟ್ಟುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಹೊಸ ಚುಕ್ಕೆಗಳು ಎದ್ದಿರುತ್ತವೆ. ಮೂರರಿಂದ ಐದು ದಿನ ಹೀಗೆ ಕಂತುಕಂತಾಗಿ ಏಳುವುದರಿಂದ, ಬೆನ್ನಿನ ಒಂದು ಅಂಗೈಯಗಲದಲ್ಲೇ ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ಸೀತಾಳೆಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ. ಸಾಮಾನ್ಯವಾಗಿ ಮೈಮೇಲೆ 250ರಿಂದ 500 ಗುಳ್ಳೆಗಳು ಏಳಬಹುದು. ಬಾಯೊಳಗೆ, ರೆಪ್ಪೆಯ ಮೇಲೆ, ಮೂತ್ರದ್ವಾರದ ಬಳಿಯೂ ಏಳುವುದುಂಟು.

ಮೈಮೇಲೆ ಏನೇ ಎದ್ದರೂ ಅದನ್ನು ಸೀತಾಳೆ ಎಂದು ತೀರ್ಮಾನಿಸಬಾರದು. ದಡಾರದಲ್ಲಿ ನೀರುಗುಳ್ಳೆ ಇರುವುದಿಲ್ಲ. ಕೆಮ್ಮು, ನೆಗಡಿ, ಕೆಂಗಣ್ಣು, ಜೋರು ಜ್ವರ ಬಂದು ಮೂರು ನಾಲ್ಕು ದಿನವಾದ ಮೇಲೆ ಕೆಂಪು ದದ್ದು ಹರಡುತ್ತದೆ. ಅಂಗೈ, ಅಂಗಾಲು, ಬಾಯಿಯಲ್ಲೇ ಗುಳ್ಳೆ ಹೆಚ್ಚಿದ್ದರೆ ಅದು ಕೈ-ಕಾಲು-ಬಾಯಿ ರೋಗವಿರಬಹುದು. ಮನೆಯವರಿಗೆಲ್ಲ ರಾತ್ರಿ ಹೊತ್ತು ನವೆಯಿದ್ದರೆ ಕಜ್ಜಿಯ ಅನುಮಾನ. ಗುರುತಿನ ಬಗ್ಗೆ ಸಂದೇಹವಿದ್ದರೆ, ಇಲ್ಲವೇ ಮಗು ಒಂದು ವರ್ಷದೊಳಗಿನದಾದರೆ, ಮೊದಲ ದಿನವೇ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹೋಗುವ ಮೊದಲೇ ಸೀತಾಳೆಯ ಅನುಮಾನವಿದೆಯೆಂದು ತಿಳಿಸಿದರೆ, ಬಸುರಿಯರು, ಹಸುಗೂಸುಗಳು ಕಾದು ಕೂತಿರುವ ಕಡೆ ಮಗುವನ್ನು ಕೂರಿಸುವುದು ತಪ್ಪುತ್ತದೆ.

ಸೀತಾಳೆ ಗಾಳಿಯಲ್ಲೂ ಹರಡುತ್ತದೆ, ಗುಳ್ಳೆಯ ನೀರು ತಾಗಿದರೂ ಹರಡುತ್ತದೆ. ಕಾಯಿಲೆ ಬಾರದವರು ಅದೇ ಮನೆಯಲ್ಲಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಂಟಬಹುದು. ವೈರಾಣು ಮೈಹೊಕ್ಕು ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ. ಹಿರಿಯ ಮಗು ಗುಣವಾಗಿ ಶಾಲೆಗೆ ಹೊರಟ ಹೊತ್ತಿಗೆ ಕಿರಿಯದು ಮಲಗುವುದು ಇದೇ ಕಾರಣಕ್ಕೆ. ಹಾಗೆ ಮನೆಯೊಳಗೇ ಅಂಟಿಸಿಕೊಂಡ ಎರಡನೆಯ ಮಗುವಿಗೆ ಗುಳ್ಳೆಗಳು ಮೊದಲನೆಯದಕ್ಕಿಂತ ಹೆಚ್ಚು ಏಳುವುದು ಸಾಮಾನ್ಯ. ಗುಳ್ಳೆ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಮಗುವಿನಿಂದ ಕಾಯಿಲೆ ಹರಡತೊಡಗಿರುತ್ತದೆ. ಕೊನೆಯ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ, ಅಂದರೆ ಗುಳ್ಳೆ ಎದ್ದು ಸುಮಾರು ಐದರಿಂದ ಏಳು ದಿನದವರೆಗೆ, ಅದು ನಿಲ್ಲುವುದಿಲ್ಲ. ಹಿರಿಯರಿಗೆ ಸರ್ಪಸುತ್ತು ಎದ್ದಿದ್ದರೆ ಆ ಗುಳ್ಳೆಯ ನೀರಿನಿಂದಲೂ ಮಗುವಿಗೆ ಸೀತಾಳೆ ಬರಬಹುದು. ಎರಡಕ್ಕೂ ಕಾರಣವಾಗುವ ವೈರಾಣು ಒಂದೇ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆಯ ವೈರಾಣು ನರಗಳಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳಬಹುದು.

ಹಿಂದಿನವರ ಕ್ರಮ ನಿಜವಾಗಿ ರೂಪುಗೊಂಡದ್ದು ಸೀತಾಳೆಗಲ್ಲ, ಊರಿಗೆ ಊರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಸಿಡುಬಿಗೆ. ಇವೆರಡೂ ಬೇರೆ ಬೇರೆ ಕಾಯಿಲೆಗಳು ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲಿ ಸ್ಪಷ್ಟಪಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋದ ಕೆಲವೇ ವರ್ಷಗಳಲ್ಲಿ ಸಿಡುಬಿನ ಲಸಿಕೆ ಮೈಸೂರು ಸೀಮೆಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ಮೂವರು ಅರಮನೆ ಹೆಂಗಸರ ಚಿತ್ರವೊಂದಿದೆ. ಅದರಲ್ಲಿ ಸೆರಗು ಸರಿಸಿ ತೋಳು ತೋರಿಸುತ್ತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿ, ಆಕೆ ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಿವರಿಸಿದ್ದಾರೆ. ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಕಾಯಿಲೆ ಹೋದರೂ ಅದರ ಭಯ, ಅದಕ್ಕೆಂದು ಮಾಡಿಕೊಂಡ ಕಟ್ಟಳೆ ಎರಡೂ ಸೀತಾಳೆಯ ಮೇಲೆ ಉಳಿದುಬಂದಿವೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ಆ ಕಟ್ಟಳೆಯ ಮೊದಲ ಹೆಜ್ಜೆ. ಅದನ್ನು ಕಂಡವರು ಒಳಗೆ ಕಾಲಿಡುವುದಿಲ್ಲ, ಮನೆಯವರೂ ಮದುವೆ ಮುಂಜಿಗೆ ಹೋಗುವುದಿಲ್ಲ. ಅಂಟುಕಾಯಿಲೆಗೆ ಇದಕ್ಕಿಂತ ಸುಲಭದ ಪ್ರತ್ಯೇಕವಾಸ ಇನ್ನೊಂದಿಲ್ಲ. ಒಗ್ಗರಣೆಯ ಘಾಟು, ಖಾರ, ಬಾಡೂಟ ಬಿಟ್ಟು ಮೊಸರನ್ನ, ಗಂಜಿ, ಎಳನೀರು ಕೊಡುವುದೂ ಬಾಯಿಹುಣ್ಣಿನ ಮಗುವಿಗೆ ಹಿತವೇ. ಮಗುವನ್ನು ಹಗುರವಾದ ಹಳೆಯ ಹತ್ತಿಬಟ್ಟೆಯ ಮೇಲೆ ಮಲಗಿಸುವುದು, ಗದ್ದಲವಿಲ್ಲದಂತೆ ನೋಡಿಕೊಳ್ಳುವುದು, ಕಾಯಿಲೆ ಇಳಿದ ಮೇಲೆ ಮಾರಮ್ಮನ ಗುಡಿಗೆ ತಂಪು ಒಯ್ಯುವುದು, ಇವುಗಳಿಂದ ಯಾವ ತೊಂದರೆಯೂ ಇಲ್ಲ. ತೊಂದರೆಯಿರುವುದು ಮೂರು ಕಡೆ: ‘ಅಮ್ಮನಿಗೆ ಔಷಧಿ ಕೊಡಬಾರದು’ ಎನ್ನುವುದರಲ್ಲಿ, ಕಾಯಿಲೆ ಇಳಿದ ಮೇಲೆ ಮೊದಲ ಸ್ನಾನ ಮಾಡಿಸುವ ‘ನೀರು ಹಾಕುವ’ ದಿನದವರೆಗೆ ಮೈಗೆ ನೀರೇ ಸೋಕಿಸದಿರುವುದರಲ್ಲಿ, ಒಡೆದ ಗುಳ್ಳೆಗೆ ಕಂಡದ್ದನ್ನೆಲ್ಲ ಮೆತ್ತುವುದರಲ್ಲಿ.

ಜ್ವರ ಏರಿ ಮಗು ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬೇಕು. ಅದರಿಂದ ಗುಳ್ಳೆ ಒಳಗೇ ಉಳಿದುಬಿಡುತ್ತದೆ ಎಂಬುದು ಸುಳ್ಳು. ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕಬೇಕು: ಪ್ರತಿ ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 10 ಕೆಜಿ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಸಾಕು. ಎಡವಟ್ಟಾಗುವುದು ಬಾಟಲಿಯಲ್ಲಿ. ಒಂದು ಸಿರಪ್ಪಿನ ಚೀಟಿಯ ಮೇಲೆ ‘5 ಮಿ.ಲೀ.ಗೆ 125 ಮಿ.ಗ್ರಾಂ’ ಎಂದಿದ್ದರೆ, ಅದೇ ಬಣ್ಣದ ಇನ್ನೊಂದರ ಮೇಲೆ ‘5 ಮಿ.ಲೀ.ಗೆ 250’ ಎಂದಿರುತ್ತದೆ. ಹಸುಗೂಸುಗಳ ಡ್ರಾಪ್ಸ್‌ನಲ್ಲಂತೂ ಒಂದೇ ಮಿ.ಲೀ.ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಮೊದಲ ಬಾಟಲಿಯಿಂದ ಆ ಮಗುವಿಗೆ 5 ಮಿ.ಲೀ. ಸರಿಹೋದರೆ ಎರಡನೆಯದರಲ್ಲಿ ಅದರ ಅರ್ಧ ಸಾಕು. ಆದ್ದರಿಂದ ಕೊಡುವ ಮೊದಲು ಚೀಟಿ ಓದಬೇಕು, ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು. ಎರಡು ಸಲದ ನಡುವೆ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಿರುವುದು ಕ್ಷೇಮ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಸಿರಪ್ಪು ಏನೂ ಬೇಡ, ನೇರ ಆಸ್ಪತ್ರೆಗೆ.

ಕೊಡಲೇಬಾರದ ಔಷಧಿಗಳೂ ಇವೆ. ಸೀತಾಳೆಯಿರುವ ಮಗುವಿಗೆ ಆಸ್ಪಿರಿನ್ ಕೊಟ್ಟರೆ ರೇಸ್ ಸಿಂಡ್ರೋಮ್ ಎಂಬ, ಮೆದುಳು ಮತ್ತು ಯಕೃತ್ತನ್ನು ಹಾಳುಮಾಡುವ ಮಾರಕ ಸ್ಥಿತಿ ಬರಬಹುದು. ಐಬುಪ್ರೊಫೆನ್ ಕೊಟ್ಟ ಮಕ್ಕಳಲ್ಲಿ ಚರ್ಮದ ಆಳಕ್ಕಿಳಿಯುವ ಸೋಂಕು ಹೆಚ್ಚು ಕಂಡಿರುವುದರಿಂದ ಅದೂ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ವೈದ್ಯರು ಬರೆಯದೆ ಸ್ಟಿರಾಯ್ಡ್ ಮುಲಾಮು, ಸ್ಟಿರಾಯ್ಡ್ ಸಿರಪ್ ಯಾವುದನ್ನೂ ಮುಟ್ಟಬಾರದು. ವೈರಾಣುವನ್ನೇ ತಡೆಯುವ ಎಸೈಕ್ಲೊವಿರ್ ಎಂಬ ಔಷಧಿಯಿದೆ. ಗುಳ್ಳೆ ಎದ್ದ 24 ಗಂಟೆಯೊಳಗೆ ಶುರುಮಾಡಿದರೆ ಅದರ ಗುಣ ಹೆಚ್ಚು. ಆರೋಗ್ಯವಂತ ಎಳೆಯ ಮಕ್ಕಳಿಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. 12 ವರ್ಷ ದಾಟಿದವರಿಗೆ, ಚರ್ಮದ ಅಥವಾ ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಿರುವವರಿಗೆ ವೈದ್ಯರು ಕೊಡುತ್ತಾರೆ.

ಜ್ವರಕ್ಕಿಂತ ಮಗುವನ್ನು ಹೆಚ್ಚು ಕಾಡುವುದು ನವೆ. ಮಗು ಪರಚಿಕೊಳ್ಳುತ್ತದೆ, ಉಗುರಿನ ಕೊಳೆ ಹುಣ್ಣಿಗಿಳಿದು ಕೀವಾಗುತ್ತದೆ. ಕಲೆ ಆಳವಾಗಿ ಉಳಿಯುವುದೂ ಹೀಗೆಯೇ. ಉಗುರನ್ನು ಬುಡದವರೆಗೆ ಕತ್ತರಿಸಿ, ಕೈಯನ್ನು ಆಗಾಗ ಸೋಪಿನಿಂದ ತೊಳೆಯಬೇಕು. ರಾತ್ರಿ ಹೊತ್ತು ತೆಳುವಾದ ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿದರೆ ನಿದ್ದೆಗಣ್ಣಿನ ಪರಚಾಟ ತಪ್ಪುತ್ತದೆ. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಚುಟುಕಾಗಿ ಸ್ನಾನ ಮಾಡಿಸಬೇಕು. ಉಜ್ಜುವುದು ಬೇಡ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಬೇವಿನ ಸೊಪ್ಪು ಹಾಕಿ ಕುದಿಸಿ ಆರಿಸಿದ ಶುಚಿಯಾದ ನೀರನ್ನು ಹಾಕಲು ಮನೆಯವರಿಗೆ ಇಷ್ಟವಿದ್ದರೆ ಹಾಕಲಿ, ಆದರೆ ಅದಕ್ಕೆಂದು ಐದು ದಿನ ಕಾಯಿಸುವುದು ಬೇಡ. ಬೇವಿನ ಎಣ್ಣೆ ಕುಡಿಸುವುದಂತೂ ಎಳೆಯ ಮಕ್ಕಳಿಗೆ ವಿಷವೇ ಸರಿ. ಅದರಿಂದ ಫಿಟ್ಸ್ ಬಂದು ಮೆದುಳಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಸ್ನಾನವಾದ ಮೇಲೆ ಕ್ಯಾಲಮೈನ್ ಲೋಷನ್ ಹಚ್ಚಿದರೆ ತಂಪೆನಿಸಿ ನವೆ ಕಡಿಮೆಯಾಗುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹತ್ತಿಯಲ್ಲಿ ಅದ್ದಿ, ಒಂದೊಂದೇ ಗುಳ್ಳೆಯ ಮೇಲೆ ಒತ್ತಬೇಕು. ಕಣ್ಣು, ಬಾಯಿಯ ಹತ್ತಿರ, ಒಡೆದ ಹುಣ್ಣಿನ ಮೇಲೆ ಹಚ್ಚಬಾರದು. ಬೇವು-ಅರಿಸಿನದ ಲೇಪ, ಬೂದಿ, ಹರಳೆಣ್ಣೆ ಒಡೆದ ಗುಳ್ಳೆಯ ಮೇಲೆ ಕೂತರೆ ಕೀವಿಗೆ ದಾರಿ. ನವೆಯಿಂದ ನಿದ್ದೆಯೇ ಬಾರದಿದ್ದರೆ ವೈದ್ಯರು ಬಾಯಿಗೆ ಕೊಡುವ ನವೆಯ ಸಿರಪ್ ಬರೆಯುತ್ತಾರೆ. ಡಯಾಪರ್ ಹಾಕುವ ಮಗುವಾದರೆ ಹಗಲಿಡೀ ಅದನ್ನು ಬಿಚ್ಚಿಟ್ಟಷ್ಟೂ ಒಳ್ಳೆಯದು. ಹಕ್ಕಳೆಯನ್ನು ಕೀಳಬಾರದು, ಒಂದೆರಡು ವಾರದಲ್ಲಿ ಅದೇ ಉದುರುತ್ತದೆ.

ಬಾಯಲ್ಲಿ ಹುಣ್ಣಾದ ಮಗು ಉಣ್ಣದಿದ್ದರೂ ಎರಡು ದಿನ ಹೇಗೋ ನಡೆಯುತ್ತದೆ, ಕುಡಿಯದಿದ್ದರೆ ನಡೆಯುವುದಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬಾರದು. ಉಳಿದವರಿಗೆ ತೆಳು ರಾಗಿ ಅಂಬಲಿ, ಹುಳಿಯಿಲ್ಲದ ಮಜ್ಜಿಗೆ, ಎಳನೀರು, ಅನ್ನದ ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ, ಬಾಳೆಹಣ್ಣು ಸಲೀಸು. ಬಿಸಿ, ಖಾರ, ನಿಂಬೆ, ಟೊಮೆಟೊ ಉರಿಸುತ್ತವೆ. ಆರೇಳು ಗಂಟೆ ಮೂತ್ರ ಬಾರದಿದ್ದರೆ, ನಾಲಿಗೆ ಒಣಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಮೈಯಲ್ಲಿ ನೀರು ಸಾಲದಾಗಿದೆ ಎಂದರ್ಥ. ಪಥ್ಯದ ಹೆಸರಿನಲ್ಲಿ ಬೇಳೆ, ಹಾಲು, ತರಕಾರಿಯನ್ನು ವಾರಗಟ್ಟಲೆ ತಪ್ಪಿಸುವುದು ಸರಿಯಲ್ಲ. ಚೇತರಿಸಿಕೊಳ್ಳುವ ಮೈಗೆ ಆಗಲೇ ಆಹಾರ ಹೆಚ್ಚು ಬೇಕು.

ಮನೆಯ ಉಳಿದವರಲ್ಲಿ ಮೊದಲು ಯೋಚಿಸಬೇಕಾದದ್ದು ಬಸುರಿಯ ಬಗ್ಗೆ. ಹಿಂದೆ ಸೀತಾಳೆ ಬಾರದ, ಲಸಿಕೆಯೂ ಹಾಕಿಸಿಕೊಳ್ಳದ ಬಸುರಿಗೆ ಇದು ತಗುಲಿದರೆ ತಾಯಿಗೆ ನ್ಯುಮೋನಿಯಾ ಆಗಬಹುದು, ಗರ್ಭದ ಮಗುವಿಗೂ ಅಪಾಯ. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿನ ಜೀವಕ್ಕೇ ಕುತ್ತು. ಅಂಥವರು ಗುಳ್ಳೆ ಏಳಲೆಂದು ಕಾಯದೆ, ಸೋಂಕಿನ ಮಗುವಿನ ಜೊತೆಗಿದ್ದೆವೆಂದು ಗೊತ್ತಾದ ದಿನವೇ ವೈದ್ಯರನ್ನು ಕಾಣಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿಯಾದವರು, ಸ್ಟಿರಾಯ್ಡ್ ನುಂಗುತ್ತಿರುವವರಿಗೂ ಇದೇ ಮಾತು. ಚಿಕ್ಕಂದಿನಲ್ಲಿ ಬಾರದ ದೊಡ್ಡವರಿಗೆ ಕಾಯಿಲೆ ಮಕ್ಕಳಿಗಿಂತ ಜೋರಾಗಿಯೇ ಬರುತ್ತದೆ. ಹಿಂದೆ ಸೀತಾಳೆ ಬಂದುಹೋದ ಒಬ್ಬರೇ ಮಗುವಿನ ಆರೈಕೆ ವಹಿಸಿಕೊಳ್ಳುವುದು ಜಾಣತನ.

ಮನೆಯಲ್ಲಿ ಇಟ್ಟುಕೊಳ್ಳಲಾಗದ ಹಂತವೂ ಬರಬಹುದು. ಜ್ವರ ನಾಲ್ಕು ದಿನ ಮೀರಿದರೆ ಅಥವಾ ಬಿಟ್ಟು ಮತ್ತೆ ಏರಿದರೆ, ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಕೀವು ಬಂದರೆ ತಡಮಾಡಬಾರದು. ಮಗು ಎಬ್ಬಿಸಿದರೂ ಏಳದಂತೆ ಮಂಕಾದರೆ, ನಡೆಯುವಾಗ ತೂರಾಡಿದರೆ, ಕತ್ತು ಬಿಗಿದರೆ, ಮೇಲಿಂದ ಮೇಲೆ ವಾಂತಿಯಾದರೆ ವೈರಾಣು ಮೆದುಳಿಗೆ ತಾಗಿರಬಹುದು. ಆಗ, ಹಾಗೆಯೇ ಉಸಿರಾಟ ಜೋರಾದರೆ, ಗುಳ್ಳೆಯಲ್ಲಿ ರಕ್ತ ಕಂಡರೆ, ಕಣ್ಣು ನೋವೆಂದು ಅತ್ತರೆ ಆ ಗಂಟೆಯಲ್ಲೇ ಹೊರಡಬೇಕು. ಮೊದಲು ಹೇಳಿದ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ದೊಡ್ಡ ಆಸ್ಪತ್ರೆ ಬೇಕಾದರೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ, ನಾಗಮಂಗಲದ ಕಡೆಯವರಿಗೆ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆ ಇವೆ. ಆಂಬುಲೆನ್ಸ್‌ಗೆ 108.

ಈ ಕಾಯಿಲೆಗೆ ಲಸಿಕೆಯಿದೆ. ತನ್ನ ಮಗನೇ ಸೀತಾಳೆಯಿಂದ ನರಳಿದ್ದನ್ನು ಕಂಡ ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ ಅದನ್ನು ರೂಪಿಸಿ, 1974ರಲ್ಲಿ ಲೋಕಕ್ಕೆ ತಿಳಿಸಿದ. ಎರಡು ಡೋಸು ಹಾಕಿಸಿದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಕಾಯಿಲೆ ಬರುವುದೇ ಇಲ್ಲ, ಬಂದರೂ ಸಾಮಾನ್ಯವಾಗಿ ಕೆಲವೇ ಗುಳ್ಳೆಗಳಲ್ಲಿ ಮುಗಿಯುತ್ತದೆ. ಅಂಗನವಾಡಿಯಲ್ಲಿ ಹಾಕಿಸುವ ಎಂಆರ್ ಚುಚ್ಚುಮದ್ದು ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ, ಸೀತಾಳೆಗಲ್ಲ. ಸೀತಾಳೆ ಲಸಿಕೆ ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಸೇರಿಲ್ಲವಾದ್ದರಿಂದ ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಮೊದಲ ಡೋಸನ್ನು 15 ತಿಂಗಳಿಗೆ, ಎರಡನೆಯದನ್ನು ಕನಿಷ್ಠ ಮೂರು ತಿಂಗಳು ಬಿಟ್ಟು ಹಾಕಿಸುತ್ತಾರೆ. ಮನೆಯ ಒಂದು ಮಗುವಿಗೆ ಗುಳ್ಳೆ ಎದ್ದಾಗ, ಒಂದು ವರ್ಷ ದಾಟಿದ ಇನ್ನೊಂದಕ್ಕೆ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೂ ಕಾಯಿಲೆ ತಪ್ಪಬಹುದು, ಇಲ್ಲವೇ ಹಗುರಾಗಬಹುದು. ಆದ್ದರಿಂದ ಮೊದಲ ಗುಳ್ಳೆ ಕಂಡ ದಿನವೇ ಉಳಿದ ಮಕ್ಕಳ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.