ಈಜು ಕನ್ನಡಕ: ಕೊಳಕ್ಕೊಂದು, ಕಡಲಿಗೊಂದು

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನ ತಂಗಿಯ ಮನೆ. ಅವಳ ಗಂಡನ ವ್ಯಾಪಾರ ಅಲ್ಲೇ ಆದ್ದರಿಂದ ಮಕ್ಕಳೆಲ್ಲ ಅಲ್ಲೇ ಬೆಳೆದವರು. ಮನೆಯೊಳಗೆ ಬ್ಯಾರಿ ಭಾಷೆ, ಹೊರಗೆ ಕಾಲಿಟ್ಟರೆ 'ಏನ್ರೀ, ಹೌದ್ರೀ'. ಹಿರಿಯ ಮಗ ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಬೆಳಗ್ಗೆ ಎದ್ದು ಈಜುಕೊಳಕ್ಕೆ ಹೋಗುವ ಅಭ್ಯಾಸ. ಕಳೆದ ವರ್ಷ ನಾನು ಹೋಗಿದ್ದಾಗ ಒಂದು ಹೊಸ ಮಾತು ತೆಗೆದ. "ಮಾಮ, ನಾನು ಟ್ರಯತ್ಲಾನ್ ಮಾಡ್ತೇನೆ."

ಗೊತ್ತಿಲ್ಲದವರಿಗೆ ಹೇಳುವುದಾದರೆ, ಟ್ರಯತ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಸಲ ಸೇರಿತು. ಅಲ್ಲಿನ ಲೆಕ್ಕ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. 2019ರ ಅಕ್ಟೋಬರ್‌ನಲ್ಲಿ ಗೋವಾದ ಮಿರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ನಡೆಯಿತು. ಅದರಲ್ಲಿ ಕಡಲಿನ ಈಜು 1.9 ಕಿಲೋಮೀಟರ್. ನಮ್ಮ ಮಂಗಳೂರಿನ ತಣ್ಣೀರುಬಾವಿಯಲ್ಲೂ ಟ್ರಯತ್ಲಾನ್ ನಡೆದಿದೆ. ಹಾಗಾಗಿ ಇದು ದೂರದವರ ಆಟವಾಗಿ ಉಳಿದಿಲ್ಲ, ನಮ್ಮ ಮನೆಯ ಮಕ್ಕಳೂ ಹೆಸರು ಕೊಡುತ್ತಿದ್ದಾರೆ.

ತಂಗಿಗೆ ಸೈಕಲ್, ಓಟದ ಚಿಂತೆ ಇರಲಿಲ್ಲ. ಅವಳ ಭಯ ನೀರಿನದ್ದು. "ಕಾಕ, ಇವನಿಗೆ ಕನ್ನಡಕ ತೆಗೆದರೆ ಎದುರು ಕೂತ ನನ್ನ ಮುಖವೇ ಕಾಣುವುದಿಲ್ಲ. ಕಡಲಲ್ಲಿ ಏನು ಕಾಣ್ತಾನೆ?" ಅಂದಳು. ನಾನು ನಕ್ಕು ಬಿಟ್ಟೆ. ನಗಬಾರದಿತ್ತು.

ಕಡಲಲ್ಲಿ ಗೆರೆ ಇಲ್ಲ

ಡಿಸೆಂಬರ್ ರಜೆಗೆ ಹುಡುಗ ಊರಿಗೆ ಬಂದ. ಒಂದು ಬೆಳಗ್ಗೆ ಇಬ್ಬರೂ ಕಡಲಿಗೆ ಹೋದೆವು. ಅಭ್ಯಾಸಕ್ಕೆ ಬಂದಿದ್ದ ಬೇರೆ ಈಜುಗಾರರು ದಾರಿ ತಿಳಿಯಲೆಂದು ಕಿತ್ತಳೆ ಬಣ್ಣದ ತೇಲುವ ಬೋಯ್ ಒಂದನ್ನು ನೀರಿನಲ್ಲಿ ಬಿಟ್ಟಿದ್ದರು. ಅದನ್ನು ಸುತ್ತಿ ವಾಪಸ್ ಬರಬೇಕು, ಅಷ್ಟೆ. ನಮ್ಮ ಹುಡುಗನ ಕಣ್ಣಲ್ಲಿದ್ದದ್ದು ಆನ್‌ಲೈನ್‌ನಲ್ಲಿ ತರಿಸಿದ, ಪವರ್ ಇಲ್ಲದ, ಕಡು ಕಪ್ಪು ಗಾಜಿನ ಗಾಗಲ್ಸ್.

ಕೊಳದಲ್ಲಿ ಅವನು ಮೀನು. ಅಲ್ಲಿ ನೆಲದಲ್ಲಿ ಕಪ್ಪು ಗೆರೆ ಇದೆ, ಪಕ್ಕದಲ್ಲಿ ಹಗ್ಗ ಇದೆ, ಕೊನೆಗೆ ಗೋಡೆ ಇದೆ. ಕಣ್ಣು ಅರ್ಧ ಕಂಡರೂ ನಡೆಯುತ್ತದೆ. ಕಡಲಲ್ಲಿ ಇದ್ಯಾವುದೂ ಇಲ್ಲ. ಹತ್ತು ನಿಮಿಷದಲ್ಲಿ ಅವನು ಬೋಯ್ ಬಿಟ್ಟು ಓರೆಯಾಗಿ ದಕ್ಷಿಣದ ಕಡೆ ಸಾಗಿದ್ದ. ನಾನು ದಡದಿಂದ ಕೂಗಿದ್ದು ಅವನಿಗೆ ಕೇಳಲೇ ಇಲ್ಲ. ಜೊತೆಗಿದ್ದ ಈಜುಗಾರರೊಬ್ಬರು ಕಯಾಕ್‌ನಲ್ಲಿ ಹೋಗಿ ಕರೆತಂದರು. ದಡಕ್ಕೆ ಬಂದವನು ಹೇಳಿದ್ದು ಇಷ್ಟೇ: "ಮಾಮ, ದೂರದಲ್ಲಿ ಕಿತ್ತಳೆ ಬಣ್ಣದ್ದು ಕಂಡಿತು. ಬೋಯ್ ಅಂತ ಹೋದೆ. ಅದು ದೋಣಿ."

ಅವನ ಪವರ್ ಮೈನಸ್ ನಾಲ್ಕೂವರೆ. ಲೆಕ್ಕ ಹಾಕಿದರೆ, ಕನ್ನಡಕ ಇಲ್ಲದೆ ಅವನಿಗೆ ಸ್ಪಷ್ಟವಾಗಿ ಕಾಣುವುದು 22 ಸೆಂಟಿಮೀಟರ್ ತನಕ. ಅಂದರೆ ಒಂದು ಗೇಣು. ಗೇಣಿನಾಚೆ ಎಲ್ಲವೂ ಮಸುಕು. ತಂಗಿ ಹೇಳಿದ್ದೇ ಸರಿ. ಇದನ್ನು ಈ ಪುಟದಲ್ಲಿ ಓದಿ ಅವಳಿಗೆ ಗೊತ್ತಾಗುವುದು ಬೇಡವೆಂದು ಮೊದಲೇ ಹೇಳಿದ್ದೇನೆ, ಬೈಸಿಕೊಂಡದ್ದೂ ಆಗಿದೆ.

ಆ ದಿನದ ನಂತರ ನಾನು ಕಣ್ಣಿನ ಡಾಕ್ಟರ್‌ಗಳನ್ನು, ಈಜು ಕಲಿಸುವವರನ್ನು, ಅಂಗಡಿಯವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೊಳೆಗೆ, ಕಡಲಿಗೆ ಹೊರಟ ಮಕ್ಕಳಿದ್ದರೆ ಉಪಯೋಗಕ್ಕೆ ಬರಬಹುದು.

ನೀರಿನಲ್ಲಿ ಕಣ್ಣು ಏಕೆ ಮಸುಕು?

ಪಾಣೆಮಂಗಳೂರಿನಲ್ಲಿ ಬೆಳೆದ ನನ್ನ ಉಮ್ಮನಿಗೆ ಇದೆಲ್ಲ ತಮಾಷೆ. "ನಿಮ್ಮ ಅಜ್ಜ ನೇತ್ರಾವತಿಯಲ್ಲಿ ಕಣ್ಣು ಬಿಟ್ಟೇ ಮುಳುಗ್ತಿದ್ದರು. ಹೊಳೆಗೂ ಕನ್ನಡಕವಾ?" ಅನ್ನುತ್ತಾರೆ. ಮುಳುಗುತ್ತಿದ್ದದ್ದು ನಿಜ, ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಅನ್ನುವುದೂ ನಿಜ. ನಮ್ಮ ಕಣ್ಣು ಬೆಳಕನ್ನು ಕೇಂದ್ರೀಕರಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ಮಾಡುವುದು ಮುಂಭಾಗದ ಪಾರದರ್ಶಕ ಪರದೆ, ಅಂದರೆ ಕಾರ್ನಿಯಾ. ಅದರ ಎದುರು ಗಾಳಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನೀರು ತಾಗಿದ ಕೂಡಲೇ ಆ ಶಕ್ತಿ ಹೆಚ್ಚು ಕಡಿಮೆ ಹೋಗಿಬಿಡುತ್ತದೆ. ಗಾಗಲ್ಸ್ ಮಾಡುವುದು ಕಣ್ಣಿನ ಮುಂದೆ ಆ ಒಂದಿಷ್ಟು ಗಾಳಿಯನ್ನು ಉಳಿಸುವುದು. ಒಂದು ಹನಿ ನೀರು ಒಳಗೆ ಬಂದರೂ ಕಿರಿಕಿರಿ ಯಾಕೆಂದು ಈಗ ಅರ್ಥವಾಯಿತಲ್ಲ.

ಹಳೆಯ ಕಾಲದವರೂ ಇದಕ್ಕಾಗಿ ಒದ್ದಾಡಿದ್ದಾರೆ. 1926ರ ಆಗಸ್ಟ್ 6ರಂದು ಇಂಗ್ಲಿಷ್ ಕಾಲುವೆ ಈಜಿದ ಮೊದಲ ಮಹಿಳೆ, ಅಮೆರಿಕದ ಗರ್ಟ್ರೂಡ್ ಎಡರ್ಲಿ, ತಮ್ಮ ಗಾಗಲ್ಸ್‌ನ ಅಂಚಿಗೆ ಮೇಣ ಮೆತ್ತಿ ನೀರು ತಡೆದಿದ್ದರು. ಹದಿನಾಲ್ಕೂವರೆ ಗಂಟೆ ಕಡಲಲ್ಲಿ ಇರಬೇಕಾದವರಿಗೆ ಅದು ಬೇಕೇ ಬೇಕಿತ್ತು.

ಮೊದಲು ಮುಖ, ಆಮೇಲೆ ಬೆಲೆ

ಅಂಗಡಿಯಲ್ಲಿ ನಾವು ಮಾಡುವ ಮೊದಲ ತಪ್ಪು, ಬೆಲೆ ಮತ್ತು ಬ್ರ್ಯಾಂಡ್ ನೋಡುವುದು. ಸ್ಪೀಡೊ ಇರಲಿ, ಅರೀನಾ ಇರಲಿ, ನಬೈಜಿ ಇರಲಿ, ನಿಮ್ಮ ಮುಖಕ್ಕೆ ಕೂರದಿದ್ದರೆ ಎಲ್ಲವೂ ಸೋರುತ್ತವೆ. ಪರೀಕ್ಷೆ ಸುಲಭ. ಹಿಂದಿನ ಪಟ್ಟಿಯನ್ನು ತಲೆಗೆ ಹಾಕಬೇಡಿ. ಬರೀ ಗಾಗಲ್ಸನ್ನು ಕಣ್ಣಿನ ಗೂಡಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಮೂರು ಸೆಕೆಂಡ್ ಅಂಟಿಕೊಂಡು ನಿಂತರೆ ಅದು ನಿಮ್ಮದು. ಕೂಡಲೇ ಬಿದ್ದರೆ ಬೇರೆ ನೋಡಿ. ದಾವಣಗೆರೆಯ ಅಂಗಡಿಯವರೊಬ್ಬರು ಇದನ್ನು ನೋಡಿ "ಚಪ್ಲಿ ಹಾಕಿ ನೋಡ್ದಂಗೆ ಇದ್ನೂ ಹಾಕಿ ನೋಡ್ಬೇಕ್ರಿ" ಅಂದರು. ಸರಿಯಾದ ಮಾತು.

ಮೂಗಿನ ಮೇಲಿನ ಸೇತುವೆಯನ್ನು ಬದಲಿಸಲು ಬರುವಂಥದ್ದಾದರೆ ಒಳ್ಳೆಯದು. ಅಂಚು ಮೃದುವಾದ ಸಿಲಿಕೋನ್ ಆಗಿರಲಿ. ಸೋರುತ್ತದೆ ಅಂತ ಪಟ್ಟಿ ಬಿಗಿದರೆ ಪ್ರಯೋಜನವಿಲ್ಲ. ಅಂಚು ಮಡಚಿ ಇನ್ನೂ ಹೆಚ್ಚು ಸೋರುತ್ತದೆ, ತಲೆನೋವು ಬೇರೆ. ಕೂದಲು ಅಥವಾ ಟೋಪಿಯ ಅಂಚು ಒಳಗೆ ಸಿಕ್ಕಿಕೊಂಡಿದೆಯಾ ಎಂದು ಮೊದಲು ನೋಡಿ. ತಲೆ ಮುಚ್ಚುವ ಈಜುಡುಗೆ ತೊಡುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಒಳಗಿನ ಟೋಪಿಯ ಮೇಲೆ ಗಾಗಲ್ಸ್‌ನ ಪಟ್ಟಿ, ಅದರ ಮೇಲೆ ಹೊರಗಿನ ಮುಸುಕು, ಈ ಕ್ರಮದಲ್ಲಿ ಹಾಕಿದರೆ ಪಟ್ಟಿ ಜಾರುವುದಿಲ್ಲ. ಸ್ಪರ್ಧೆಯಲ್ಲಿ ಗುಂಪಾಗಿ ನೀರಿಗೆ ಇಳಿಯುವಾಗ ಬೇರೆಯವರ ಕೈಕಾಲು ತಾಗಿ ಗಾಗಲ್ಸ್ ಕಿತ್ತು ಹೋಗುವುದುಂಟು. ಅದಕ್ಕೇ ಅನುಭವಿಗಳು ಎರಡು ಟೋಪಿ ಹಾಕಿ ನಡುವೆ ಪಟ್ಟಿ ಇಟ್ಟುಕೊಳ್ಳುತ್ತಾರೆ.

ಕೊಳದ ರೇಸಿಗೆ ಬಳಸುವ ಚಿಕ್ಕ ಗಾಗಲ್ಸ್ ಕಡಲಿಗೆ ಅಷ್ಟು ಹೊಂದುವುದಿಲ್ಲ. ಹೊರ ನೀರಿನಲ್ಲಿ ಎಂಟು ಹತ್ತು ಕೈ ಬೀಸಿಗೊಮ್ಮೆ ಮೊಸಳೆಯ ಹಾಗೆ ಕಣ್ಣನ್ನಷ್ಟೇ ಮೇಲೆತ್ತಿ ದಾರಿ ನೋಡಬೇಕು. ಗಾಜು ಸ್ವಲ್ಪ ಅಗಲವಿದ್ದರೆ ಆ ಒಂದು ಕ್ಷಣದಲ್ಲಿ ಹೆಚ್ಚು ಕಾಣುತ್ತದೆ, ಅಕ್ಕಪಕ್ಕದವರೂ ಕಾಣುತ್ತಾರೆ.

ಬಣ್ಣ ಬರೀ ಚಂದಕ್ಕಲ್ಲ

ಕಪ್ಪು ಗಾಜು, ಕನ್ನಡಿಯಂಥ ಗಾಜು ಬಿಸಿಲಿಗೆ. ಮುಂಜಾನೆ, ಮೋಡ, ಒಳಾಂಗಣದ ಕೊಳಕ್ಕೆ ಬಣ್ಣವಿಲ್ಲದ ಗಾಜು. ಮಬ್ಬು ಬೆಳಕಿನಲ್ಲಿ ಹಳದಿ ಬಣ್ಣದ್ದು ವಸ್ತುಗಳನ್ನು ಎದ್ದು ಕಾಣಿಸುತ್ತದೆ. ಪೋಲರೈಸ್ಡ್ ಎಂದು ಬರೆದಿರುವ ಗಾಜು ನೀರಿನ ಮೇಲಿಂದ ಚಿಮ್ಮುವ ಝಳವನ್ನು ಕಡಿಮೆ ಮಾಡುತ್ತದೆ.

ನಮ್ಮ ಕರಾವಳಿಯಲ್ಲಿ ಒಂದು ವಿಶೇಷ ಇದೆ. ಕಡಲು ಪಶ್ಚಿಮಕ್ಕೆ. ಬೆಳಗ್ಗೆ ಈಜಲು ಇಳಿದರೆ ಹೋಗುವಾಗ ಸೂರ್ಯ ಬೆನ್ನ ಹಿಂದೆ, ಏನೂ ತೊಂದರೆ ಇಲ್ಲ. ದಡಕ್ಕೆ ತಿರುಗಿದ ಕೂಡಲೇ ತೆಂಗಿನ ಮರಗಳ ಮೇಲಿಂದ ಬಿಸಿಲು ನೇರ ಕಣ್ಣಿಗೆ. ಸುಸ್ತಾಗಿರುವ ಹೊತ್ತಿನಲ್ಲೇ ದಾರಿ ಕಾಣದಂತಾಗುತ್ತದೆ. ಆದ್ದರಿಂದ ತಿಳಿ ಛಾಯೆಯ ಗಾಜು ನಮ್ಮಲ್ಲಿ ಹೊಂದುತ್ತದೆ. ಗಾಜು ಕಪ್ಪಗಿದ್ದ ಮಾತ್ರಕ್ಕೆ ಅದು ಅತಿನೇರಳೆ ಕಿರಣ ತಡೆಯುತ್ತದೆ ಎಂದಲ್ಲ. ಅದಕ್ಕೆ ಯುವಿ ರಕ್ಷಣೆ ಎಂದು ಬೇರೆಯಾಗಿ ಬರೆದಿರಬೇಕು.

ಕನ್ನಡಕ ಹಾಕುವವರಿಗೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕನ್ನಡಕ ಹಾಕುವ ಮಗುವನ್ನು ಪವರ್ ಇಲ್ಲದ ಗಾಗಲ್ಸ್‌ನಲ್ಲಿ ಕಡಲಿಗೆ, ಹೊಳೆಗೆ ಕಳಿಸಬೇಡಿ. ಪವರ್ ಇರುವ ಗಾಗಲ್ಸ್ ಸಿಗುತ್ತವೆ. ಹೆಚ್ಚಾಗಿ ಮೈನಸ್ ಒಂದೂವರೆಯಿಂದ ಎಂಟರ ತನಕ, ಅರ್ಧರ್ಧ ಅಂಕ ಏರುತ್ತ ಸಿದ್ಧವಾಗಿಯೇ ಬರುತ್ತವೆ. ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಇದ್ದರೆ ಒಂದೊಂದು ಕಣ್ಣಿನ ಗಾಜನ್ನೂ ಬೇರೆಯಾಗಿ ಆಯ್ದುಕೊಳ್ಳುವ ಮಾದರಿಗಳೂ ಇವೆ. ಸಿದ್ಧ ಗಾಗಲ್ಸ್‌ನಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಪವರ್ ಇರುವುದಿಲ್ಲ. ಅದು ಹೆಚ್ಚು ಇರುವವರು ಚೀಟಿ ತೋರಿಸಿ ಕಣ್ಣಿನ ಡಾಕ್ಟರ್ ಬಳಿ ಕೇಳಿಯೇ ಕೊಳ್ಳಿ.

"ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಗಾಗಲ್ಸ್ ಹಾಕಿದರಾಯ್ತಲ್ಲ" ಎಂದು ಕಾಲೇಜು ಮಕ್ಕಳು ಕೇಳುತ್ತಾರೆ. ಬೇಡ. ಹೊಳೆ, ಕೆರೆ, ಕೊಳ, ನಲ್ಲಿಯ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರುತ್ತದೆ. ಲೆನ್ಸ್‌ನ ಅಡಿಯಲ್ಲಿ ಸೇರಿದರೆ ಅದು ಕಾರ್ನಿಯಾಕ್ಕೆ ಸೋಂಕು ಹಿಡಿಸುತ್ತದೆ. ಅಪರೂಪದ ಕಾಯಿಲೆ, ಆದರೆ ಬಂದರೆ ತಿಂಗಳುಗಟ್ಟಲೆ ಚಿಕಿತ್ಸೆ, ದೃಷ್ಟಿಯೇ ಹೋಗುವ ಅಪಾಯ.

ಮಂಜು, ಸವೆತ, ಮತ್ತೊಂದಿಷ್ಟು

ಗಾಗಲ್ಸ್ ಒಳಗೆ ಮಂಜು ಕಟ್ಟದಂತೆ ತೆಳುವಾದ ಲೇಪ ಇರುತ್ತದೆ. ಬೆರಳಿನಿಂದ, ಬಟ್ಟೆಯಿಂದ ಉಜ್ಜಿದರೆ ಅದು ಹೋಗುತ್ತದೆ. ಈಜಿದ ಮೇಲೆ ಸಿಹಿನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿಡಿ. ಬೈಕಿನ ಪೆಟ್ಟಿಗೆಯಲ್ಲಿ, ಕಾರಿನ ಕಿಟಕಿಯ ಬಳಿ ಬಿಸಿಲಿಗೆ ಬಿಡಬೇಡಿ. ಲೇಪ ಹೋದ ಮೇಲೆ ಮಕ್ಕಳ ಶಾಂಪೂ ಒಂದು ಹನಿ ಸವರಿ ಚೆನ್ನಾಗಿ ತೊಳೆದರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎರಡು ಎಚ್ಚರ. ಗಾಗಲ್ಸನ್ನು ಮುಂದಕ್ಕೆ ಎಳೆದು ಬಿಟ್ಟರೆ ರಬ್ಬರಿನ ಸೆಳೆತಕ್ಕೆ ಕಣ್ಣಿಗೇ ಬಡಿಯುತ್ತದೆ, ಹಾಗೆ ಆಟ ಆಡಲು ಬಿಡಬೇಡಿ. ಹಿಂದಿನಿಂದ ಪಟ್ಟಿ ಎತ್ತಿ ತೆಗೆಯುವುದು ಸರಿಯಾದ ಕ್ರಮ. ಇನ್ನು, ಇದನ್ನು ಹಾಕಿ ಆಳಕ್ಕೆ ಮುಳುಗಬಾರದು. ಕೆಳಗೆ ಹೋದಂತೆ ನೀರಿನ ಒತ್ತಡ ಹೆಚ್ಚಿ ಗಾಗಲ್ಸ್ ಕಣ್ಣನ್ನು ಹಿಂಡುತ್ತದೆ. ಮುಳುಗುವವರ ಮಾಸ್ಕ್ ಮೂಗನ್ನೂ ಮುಚ್ಚುವುದು ಇದೇ ಕಾರಣಕ್ಕೆ.

ಸ್ಪರ್ಧೆಯ ದಿನ ಹೊಸ ಗಾಗಲ್ಸ್ ಹಾಕುವ ಸಾಹಸ ಬೇಡ. ನಾಲ್ಕಾರು ಸಲ ಹಾಕಿ ಈಜಿದ್ದೇ ಇರಲಿ, ಅಂಥದ್ದೇ ಇನ್ನೊಂದು ಚೀಲದಲ್ಲಿರಲಿ. ಅತಿ ದೊಡ್ಡವರಿಗೂ ಕೈಕೊಟ್ಟದ್ದಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್ ಅವರ ಗಾಗಲ್ಸ್‌ಗೆ ನೀರು ತುಂಬಿತು. ಕಣ್ಣು ಕಾಣದಿದ್ದರೂ ಕೈ ಬೀಸನ್ನು ಎಣಿಸುತ್ತ ಈಜಿ ಚಿನ್ನ ಗೆದ್ದರು, ವಿಶ್ವದಾಖಲೆಯೂ ಆಯಿತು. ಆದರೆ ಅದು ಕೊಳ. ಎಣಿಸಿದರೆ ಗೋಡೆ ಸಿಗುತ್ತದೆ. ಕಡಲಲ್ಲಿ ಎಷ್ಟು ಎಣಿಸಿದರೂ ಗೋಡೆ ಬರುವುದಿಲ್ಲ.

ಗಾಗಲ್ಸ್ ಜೀವ ಉಳಿಸುವುದಿಲ್ಲ

ಒಳ್ಳೆಯ ಗಾಗಲ್ಸ್ ಸಿಕ್ಕಿತೆಂದು ಒಬ್ಬರೇ ನೀರಿಗೆ ಇಳಿಯಬಾರದು. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಹರಿಹರಕ್ಕೆ ಬರುವ ಹೊಳೆ ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ. ಮೇಲಿಂದ ನೋಡಿದರೆ ಶಾಂತ. ಮಳೆಗಾಲದ ಕೆಂಪು ನೀರಿನಲ್ಲಿ ಯಾವ ಗಾಗಲ್ಸ್ ಹಾಕಿದರೂ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ನೀರು ಇಳಿದ ಮೇಲೂ ಮರಳಿನ ಗುಂಡಿಗಳು ಎಲ್ಲಿವೆ ಎಂದು ಹೊರಗಿನಿಂದ ಬಂದವರಿಗೆ ತಿಳಿಯದು. ಜೊತೆಗೆ ಈಜು ಬಲ್ಲವರು, ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ತೇಲಿಸುವ ಗಾಳಿ ಚೀಲ, ಎದ್ದು ಕಾಣುವ ಬಣ್ಣದ ಟೋಪಿ, ದಡದಲ್ಲಿ ಒಬ್ಬರು. ಇಷ್ಟು ಇಲ್ಲದಿದ್ದರೆ ಕೊಳವೇ ಸಾಕು.

ಕಳೆದ ತಿಂಗಳು ಮತ್ತೆ ಕೆ.ಬಿ. ಬಡಾವಣೆಗೆ ಹೋಗಿದ್ದೆ. ಹುಡುಗನಿಗೆ ಮೈನಸ್ ನಾಲ್ಕೂವರೆಯ, ತಿಳಿ ಹೊಗೆ ಬಣ್ಣದ ಗಾಗಲ್ಸ್ ಬಂದಿತ್ತು. ಡಾಕ್ಟರ್ ನೋಡಿ ಸರಿ ಅಂದಿದ್ದರು. ತಂಗಿಗೆ ಅದು ಸಾಲದು. ಅವನನ್ನು ಟೆರೇಸಿಗೆ ಕರೆದುಕೊಂಡು ಹೋಗಿ, ಗಾಗಲ್ಸ್ ಹಾಕಿಸಿ, ರಸ್ತೆಯಾಚೆಯ ಮನೆಯ ಗೇಟಿನ ಮೇಲಿನ ಹೆಸರು ಓದು ಅಂದಳು. ಓದಿದ. ತಿರುವಿನಲ್ಲಿ ನಿಂತ ಆಟೋದ ನಂಬರ್ ಓದು ಅಂದಳು. ಅದನ್ನೂ ಓದಿದ. ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಾ ಇವರನ್ನೇ ನೋಡುತ್ತಿದ್ದರು.

"ಸರಿ ಮೋನು, ಹೋಗು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಕ, ಈ ಸಲ ನೀವು ದಡದಲ್ಲಿ ನಿಂತು ಕೂಗೋದಲ್ಲ. ಕಯಾಕ್‌ನಲ್ಲಿ ಕೂತುಕೊಳ್ಳಬೇಕು" ಅಂದಳು.

ಐವತ್ತು ದಾಟಿದ ಮೇಲೆ ಹುಟ್ಟು ಹಾಕಲು ಕಲಿಯುತ್ತಿದ್ದೇನೆ.