ಸರಪಳಿಯೋ, ಗದ್ದೆಯೋ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ಕೊಂಡಿ ಕಳಚಿದ ಮೇಲೆ ಉಳಿದವು ಎಷ್ಟು ಗಟ್ಟಿಯಿದ್ದರೇನು? ಅದೇ ಹೊಳೆಯ ನೀರುಣ್ಣುವ ಕಂಪ್ಲಿ ಸೀಮೆಯ ಭತ್ತದ ಗದ್ದೆಯ ಲೆಕ್ಕ ಬೇರೆ. ನಾಲ್ಕು ಮಡಿ ಒಣಗಿದರೆ ಆ ನಾಲ್ಕರ ಬೆಳೆ ಹೋಯಿತು ಅಷ್ಟೇ, ಮಿಕ್ಕಿದ್ದು ಕಣಕ್ಕೆ ಬರುತ್ತದೆ.

ನಮ್ಮ ಮೈಯೊಳಗೂ ಸರಪಳಿಯಂಥ ಅಂಗಗಳಿವೆ, ಗದ್ದೆಯಂಥವೂ ಇವೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಸಂಡೂರು ತಾಲ್ಲೂಕಿನ ಯಶವಂತನಗರದಂಥ ಊರಿನವರು ಈ ಚಿಕಿತ್ಸೆಗಾಗಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವುದುಂಟು. ಜನರ ಬಾಯಲ್ಲಿ ಇದು ‘ಕರೆಂಟ್ ಕೊಡಿಸೋದು’. ಆದರೆ ಮೈಗೆ ತಾಗುವುದು ವಿದ್ಯುತ್ತಲ್ಲ, ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಹೊಮ್ಮಿಸುವ ಪ್ರಬಲ ಎಕ್ಸ್-ಕಿರಣ. ಅದರ ಅಳತೆಗೆ ‘ಗ್ರೇ’ ಎಂದು ಹೆಸರು. ಗಂಟಲಿನ ಗಡ್ಡೆಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಏಳು ವಾರದಲ್ಲಿ 70 ಗ್ರೇ ಕೊಡುತ್ತಾರೆ. ಪೆಟ್ಟು ತಿಂದ ಡಿಎನ್‌ಎಯನ್ನು ಸರಿಪಡಿಸಿಕೊಳ್ಳುವುದರಲ್ಲಿ ಆರೋಗ್ಯವಂತ ಜೀವಕೋಶ ಕ್ಯಾನ್ಸರ್ ಕೋಶಕ್ಕಿಂತ ಚುರುಕು. ಅದಕ್ಕೆ ಬಿಡುವು ಸಿಗಲೆಂದೇ ಈ ಕಂತು. ಆದರೂ ಕಿರಣ ಗಡ್ಡೆ ತಲುಪಬೇಕಾದರೆ ಅಕ್ಕಪಕ್ಕದ ಅಂಗಗಳನ್ನು ಹಾದೇ ಹೋಗಬೇಕು.

ಬೆನ್ನುಹುರಿ ಅಪ್ಪಟ ಸರಪಳಿ. ಎಲ್ಲೋ ಒಂದು ಅಂಗುಲ ಕೆಟ್ಟರೂ ಅದರ ಕೆಳಗಿನ ಮೈಗೆ ಸುದ್ದಿ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಸರಾಸರಿ ನೋಡಿ ಫಲವಿಲ್ಲ, ಅತಿ ಹೆಚ್ಚು ಪೆಟ್ಟು ಬಿದ್ದ ಜಾಗವನ್ನೇ ನೋಡಬೇಕು. 50 ಗ್ರೇ ಬಿದ್ದರೆ ಹುರಿಗೆ ಹಾನಿಯಾಗುವುದು ಸಾವಿರದಲ್ಲಿ ಇಬ್ಬರಿಗೆ. 60 ಗ್ರೇಗೆ ನೂರರಲ್ಲಿ ಆರು ಮಂದಿಗೆ. 69 ಗ್ರೇ ಆದರೆ ಅರ್ಧಕ್ಕರ್ಧ ಮಂದಿಗೆ. ಶ್ವಾಸಕೋಶ ಗದ್ದೆ. ಅದರ ಒಂದು ಮೂಲೆ ಸುಟ್ಟರೂ ಮಿಕ್ಕ ಗಾಳಿಚೀಲಗಳು ಉಸಿರನ್ನು ನಡೆಸುತ್ತವೆ. ಅಲ್ಲಿ ಎಣಿಕೆಗೆ ಬರುವುದು ಸರಾಸರಿ: 7 ಗ್ರೇ ಇದ್ದರೆ ನೂರರಲ್ಲಿ ಐವರಿಗೆ ಉರಿಯೂತ, 20 ಇದ್ದರೆ ಇಪ್ಪತ್ತು ಮಂದಿಗೆ.

ಈ ಲೆಕ್ಕಕ್ಕೆ ಸೂತ್ರ ಕೊಟ್ಟವರು ಅಮೆರಿಕದ ಜಾನ್ ಲೈಮನ್, 1985ರಲ್ಲಿ. ಸಿಟಿ ಸ್ಕ್ಯಾನಿನಲ್ಲಿ ಅಂಗದ ಅಂಚನ್ನು ಪದರಪದರವಾಗಿ ಗುರುತು ಮಾಡುತ್ತಾರೆ. ಯಾವ ಚೂರಿಗೆ ಎಷ್ಟು ಗ್ರೇ ಎಂದು ಕಂಪ್ಯೂಟರ್ ಪಟ್ಟಿ ಹಾಕುತ್ತದೆ. ಆ ಉದ್ದದ ಪಟ್ಟಿಯನ್ನು ಒಂದೇ ಅಂಕಿಗೆ ಇಳಿಸುವಾಗ, ಅಂಗ ಎಷ್ಟು ಸರಪಳಿ, ಎಷ್ಟು ಗದ್ದೆ ಎಂಬುದಕ್ಕೂ ಸೂತ್ರದೊಳಗೆ ಒಂದು ಸಂಖ್ಯೆ ಇದೆ. ಸೊನ್ನೆಯ ಹತ್ತಿರವಿದ್ದರೆ ಸರಪಳಿ, ಒಂದರ ಹತ್ತಿರವಿದ್ದರೆ ಗದ್ದೆ. 1991ರಲ್ಲಿ ಎಮಾಮಿ ಮತ್ತು ಸಂಗಡಿಗರು ಒಂದೊಂದು ಅಂಗದ ತಾಳಿಕೆಯನ್ನು ಬಹುಮಟ್ಟಿಗೆ ವೈದ್ಯರ ಅನುಭವದ ಮೇಲೆ ಪಟ್ಟಿ ಮಾಡಿದರು. ಮುಂದೆ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ, 2010ರಲ್ಲಿ ‘ಕ್ವಾಂಟೆಕ್’ ಎಂಬ ಪರಿಷ್ಕೃತ ವರದಿಗಳು ಬಂದವು. ಬೆನ್ನುಹುರಿ, ಶ್ವಾಸಕೋಶಗಳಿಗೆ ಮೇಲೆ ಹೇಳಿದ ಅಂಕಿಗಳು ಅಲ್ಲಿಯವೇ.

ಇಷ್ಟೆಲ್ಲ ಲೆಕ್ಕದಿಂದ ರೋಗಿಗೇನು ಲಾಭ? ಗಂಟಲಿಗೆ ಕರೆಂಟ್ ಕೊಡಿಸಿಕೊಂಡ ಹಲವರಿಗೆ ಎಂಜಲು ಬತ್ತಿ ಜೋಳದ ರೊಟ್ಟಿಯ ತುತ್ತು ಇಳಿಯುವುದಿಲ್ಲ. ಕಿವಿಯ ಬುಡದಲ್ಲಿರುವ ಜೊಲ್ಲುಗ್ರಂಥಿಗೆ ಪೆಟ್ಟು ಬಿದ್ದದ್ದೇ ಮುಖ್ಯ ಕಾರಣ. ಅದೂ ಗದ್ದೆಯ ಜಾತಿಯದು. ಎರಡೂ ಕಡೆಯ ಗ್ರಂಥಿಗಳ ಸರಾಸರಿ 25 ಗ್ರೇಗಿಂತ ಕಡಿಮೆ ಇದ್ದರೆ, ಇಲ್ಲವೇ ಒಂದನ್ನಾದರೂ 20ರ ಒಳಗೆ ಕಾಪಾಡಿದರೆ, ಬಾಯಿ ಪೂರ್ತಿ ಒಣಗುವುದನ್ನು ಬಹುಪಾಲು ತಪ್ಪಿಸಬಹುದು. ಕಿರಣವನ್ನು ಗಡ್ಡೆಯ ಆಕಾರಕ್ಕೆ ಹೊಂದಿಸುವ ಐಎಂಆರ್‌ಟಿ ವಿಧಾನ ಬಂದ ಮೇಲೆ ಇದು ಕೈಗೆಟುಕಿತು. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಹಳೆಯ ವಿಧಾನದ ರೋಗಿಗಳಲ್ಲಿ ನೂರಕ್ಕೆ 74 ಮಂದಿಗೆ ವರ್ಷವಾದ ಮೇಲೂ ಬಾಯಿ ಒಣಗುತ್ತಿತ್ತು. ಹೊಸ ವಿಧಾನದಲ್ಲಿ ಅದು 38ಕ್ಕೆ ಇಳಿಯಿತು.

ಆ 38ರಲ್ಲಿ ತಾನಿದ್ದೇನೋ ಇಲ್ಲವೋ ಎಂದು ರೋಗಿ ಕೇಳಿದರೆ ಸೂತ್ರ ಹೇಳಲಾರದು. ಅದು ಬಲ್ಲದ್ದು ನೂರು ಜನರ ಲೆಕ್ಕವನ್ನು. ಆದರೆ ‘ಆಮೇಲೆ ರೊಟ್ಟಿ ತಿನ್ನೋಕಾಗುತ್ತಾ ಡಾಕ್ಟ್ರೇ?’ ಎಂಬ ಪ್ರಶ್ನೆಯನ್ನು ಚಿಕಿತ್ಸೆ ಶುರುವಾಗುವ ಮೊದಲೇ ಕಂಪ್ಯೂಟರಿನ ಮುಂದಿಟ್ಟು, ಕಿರಣದ ದಾರಿಯನ್ನು ಒಂದಿಷ್ಟು ಸರಿಸಿ ನೋಡಲು ಈಗ ಸಾಧ್ಯವಾಗಿದೆ.