‘ಕನ್ನಡಿಗ’ ಪದಕ್ಕೆ ಸ್ಪ್ಯಾನಿಷ್ ಸಮಾನಪದ: ಭಾಷಾನಾಮ, ಜನನಾಮಗಳ ಒಂದು ತೊಡಕು

ಭಾಷೆಯ ಹೆಸರು, ಜನರ ಹೆಸರು, ನಾಡಿಗೆ ಸಂಬಂಧಿಸಿದ ವಿಶೇಷಣ ಈ ಮೂರಕ್ಕೂ ಸ್ಪ್ಯಾನಿಷ್ ಸಾಮಾನ್ಯವಾಗಿ ಒಂದೇ ಪದವನ್ನು ಬಳಸುತ್ತದೆ. ‘ಎಸ್ಪಾನ್ಯೋಲ್’ ಎಂಬುದು ಸ್ಪ್ಯಾನಿಷ್ ಭಾಷೆಯೂ ಹೌದು, ಸ್ಪೇನಿನವನೂ ಹೌದು, ‘ಸ್ಪೇನಿನ’ ಎಂಬ ವಿಶೇಷಣವೂ ಹೌದು. ಕನ್ನಡದಲ್ಲಿ ಇವು ಬೇರೆ ಬೇರೆ: ಭಾಷೆ ‘ಕನ್ನಡ’; ತದ್ಧಿತ ಪ್ರತ್ಯಯ ಸೇರಿದಾಗ ವ್ಯಕ್ತಿ ‘ಕನ್ನಡಿಗ’, ‘ಕನ್ನಡತಿ’; ರಾಜ್ಯ ‘ಕರ್ನಾಟಕ’. ಪ್ರತ್ಯಯ ಒಗ್ಗದ ಕಡೆ ಷಷ್ಠೀ ರೂಪಕ್ಕೆ ಸರ್ವನಾಮ ಸೇರಿಸಿದರಾಯಿತು: ಸ್ಪೇನಿನವನು, ಸ್ಪೇನಿನವಳು, ದಾವಣಗೆರೆಯವರು.

ಸ್ಪ್ಯಾನಿಷ್‌ನಲ್ಲಿ ಜನನಾಮವು ಲಿಂಗವಚನಗಳಿಗೆ ಅನುಗುಣವಾಗಿ ಬದಲಾಗುತ್ತದೆ. ಭಾಷಾನಾಮ ಮಾತ್ರ ಸದಾ ಪುಲ್ಲಿಂಗ ಏಕವಚನ. ಇಂಗ್ಲೆಂಡಿನವಳು ‘ಇಂಗ್ಲೇಸಾ’ ಆದರೂ ಅವಳಾಡುವ ಭಾಷೆ ‘ಇಂಗ್ಲೇಸ್’. ‘ಬೆಲ್ಗಾ’, ‘ಕನಾದಿಯೆನ್ಸೆ’ಯಂಥವು ಎರಡೂ ಲಿಂಗಗಳಿಗೆ ಸಮಾನ. ವಾಕ್ಯದ ಕರ್ತೃವಾದಾಗ ಭಾಷಾನಾಮಕ್ಕೆ ‘ಎಲ್’ ಎಂಬ ಉಪಪದ ಬೇಕು. ‘ಮಾತನಾಡು’ ಎಂಬರ್ಥದ ಕ್ರಿಯಾಪದದ ನಂತರ ಸಾಮಾನ್ಯವಾಗಿ ಬೇಡ. ಇವೆಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಬೇಕು. ದೊಡ್ಡಕ್ಷರವೇ ಇಲ್ಲದ ಲಿಪಿಯಿಂದ ಬಂದ ನಮ್ಮ ವಿದ್ಯಾರ್ಥಿ ಇಲ್ಲಿ ತಪ್ಪಿದರೆ ಅದು ಇಂಗ್ಲಿಷಿನ ಋಣ, ಕನ್ನಡದ್ದಲ್ಲ.

ವ್ಯಾಕರಣದ ಈ ಭಾಗ ಅಭ್ಯಾಸದಿಂದ ಕೈವಶವಾಗುತ್ತದೆ. ಅರ್ಥದ ಭಾಗ ಅಷ್ಟು ಸುಲಭವಲ್ಲ. ಪಾಬ್ಲೋ ನೆರೂದನ ಕವಿತೆಯನ್ನು ನಾವು ‘ಸ್ಪ್ಯಾನಿಷ್ ಕವಿತೆ’ ಎನ್ನುತ್ತೇವೆ, ‘ಸ್ಪೇನಿನ ಕವಿತೆ’ ಎನ್ನುವುದಿಲ್ಲ, ಕವಿ ಚಿಲಿಯವನು. ‘ಎಸ್ಪಾನ್ಯೋಲಾ’ ಎಂಬ ಒಂದೇ ವಿಶೇಷಣ ಈ ಅಂತರವನ್ನು ತೋರಿಸಲಾರದು. ಭಾಷೆಗೆ ‘ಕಾಸ್ತೆಯಾನೋ’ ಎಂಬ ಇನ್ನೊಂದು ಹೆಸರು ಉಳಿದುಕೊಂಡಿರುವುದರ ಪ್ರಯೋಜನ ಇಲ್ಲಿ ಕಾಣುತ್ತದೆ. 1978ರ ಸ್ಪೇನ್ ಸಂವಿಧಾನದ 3ನೆಯ ವಿಧಿ ಬಳಸುವುದೂ ಅದನ್ನೇ, ಏಕೆಂದರೆ ಕತಲಾನ್, ಬಾಸ್ಕ್ ಭಾಷೆಗಳೂ ಸ್ಪೇನಿನವೇ.

ಈಗ ನಮ್ಮ ಉದಾಹರಣೆಗೆ ಬರೋಣ. ದಾವಣಗೆರೆಯ ವಿನೋಬನಗರದಲ್ಲಿ ಹುಟ್ಟಿ ಬೆಳೆದ, ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಆಡುವ ಮುಸ್ಲಿಂ ಮಹಿಳೆಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಭಾರತೀಯಳಿಗೆ ‘ಇಂದಿಯಾ’ ಎಂಬ ಪದವಿದೆ. ಅದು ಅಮೆರಿಕ ಖಂಡಗಳ ಮೂಲನಿವಾಸಿ ಸ್ತ್ರೀಗೂ ಸಲ್ಲುವುದರಿಂದ ಅನೇಕರು ‘ಇಂದೂ’ ಎನ್ನುತ್ತಾರೆ, ಅಂದರೆ ‘ಹಿಂದೂ’. ನಿಘಂಟುಗಳು ಈ ರೂಢಿಯನ್ನು ಒಪ್ಪಿವೆ. ಆದರೂ ಆಕೆಯ ವಿಷಯದಲ್ಲಿ ಅದು ಸುಳ್ಳು ಹೇಳಿಕೆಯಾಗುತ್ತದೆ. ‘ದೆ ಲಾ ಇಂದಿಯಾ’, ಅಂದರೆ ‘ಭಾರತದ’, ಎಂಬ ಪದಪುಂಜವೇ ವಾಸಿ. ಕನ್ನಡದ ‘ಸ್ಪೇನಿನವಳು’ ಮಾದರಿಗೂ ಅದೇ ಹತ್ತಿರ.

ಆಕೆಯನ್ನು ‘ಕನ್ನಡತಿ’ ಎನ್ನಬೇಕಾದರೆ? ಕನ್ನಡಕ್ಕೆ ಸ್ಪ್ಯಾನಿಷ್‌ನ ಸಾಂಪ್ರದಾಯಿಕ ಹೆಸರು ‘ಕನಾರೇಸ್’ (ಕ್ಯಾನರಿ ದ್ವೀಪದವನು ‘ಕನಾರಿಯೋ’, ಎರಡನ್ನೂ ಬೆರೆಸಬಾರದು). ‘ಕೆನರಾ’ ಎಂಬ ಕರಾವಳಿ ಪ್ರದೇಶನಾಮದಿಂದ ಬಂದ ಈ ಪದಕುಟುಂಬವನ್ನು ಯುರೋಪಿಯನ್ನರು ಎಂದೂ ನಿಖರವಾಗಿ ಬಳಸಲಿಲ್ಲ. 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ವ್ಯಾಕರಣದ ಶೀರ್ಷಿಕೆಯಲ್ಲಿರುವ ‘ಕನಾರಿಂ’ ಭಾಷೆ ಕನ್ನಡವಲ್ಲ, ಕೊಂಕಣಿ. ‘ಕನಾರೇಸಾ’ ಎಂದರೆ ಕರಾವಳಿಯವಳೋ, ಕನ್ನಡ ಮಾತನಾಡುವವಳೋ ಎಂಬ ಸಂದಿಗ್ಧ ಅದರಲ್ಲೇ ಇದೆ. ಮನೆಮಾತು ಯಾವುದೆಂದು ಅದು ತಿಳಿಸುವುದೂ ಇಲ್ಲ.

ತೊಡಕಿನ ಅರ್ಧಭಾಗ ಕನ್ನಡದ್ದೂ ಹೌದು. ‘ಕನ್ನಡಿಗ’ ಎಂಬುದು ರೂಪದಲ್ಲಿ ಭಾಷಾನಾಮದಿಂದ ಸಾಧಿತ. ಬಳಕೆಯಲ್ಲಿ ರಾಜ್ಯದ ನಿವಾಸಿಗೂ ಸಲ್ಲುತ್ತದೆ. 1956ಕ್ಕೆ ಮೊದಲು ಹರಿಹರ ಮೈಸೂರಿನಲ್ಲಿತ್ತು. ತುಂಗಭದ್ರೆ ದಾಟಿದರೆ ಸಿಗುವ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದಲ್ಲಿತ್ತು. ಎರಡೂ ದಡಗಳ ಕನ್ನಡ ಮಾತಿನವರು ‘ಕನ್ನಡಿಗ’ರೇ ಆಗಿದ್ದರು, ‘ಮೈಸೂರಿನವರು’ ಮಾತ್ರ ಒಂದೇ ದಡದವರು. ಆಗ ಆ ಪದ ರಾಜ್ಯವನ್ನು ಸೂಚಿಸುವುದು ಸಾಧ್ಯವೇ ಇರಲಿಲ್ಲ. ಇಂದು ಕಾಸರಗೋಡಿನ ಕನ್ನಡಿಗನಿಗೆ ಭಾಷೆಯ ಅರ್ಥವೊಂದೇ ಸಲ್ಲುತ್ತದೆ. ವಿನೋಬನಗರದ ಆ ಉರ್ದು ಮನೆಮಾತಿನವಳಿಗೆ ಎರಡೂ ಸಲ್ಲಬಹುದು. ಆದ್ದರಿಂದ ಅನುವಾದಕರು ಒಂದೇ ಸಮಾನಪದವನ್ನು ನೆಚ್ಚದೆ, ಭಾಷೆ ಉದ್ದಿಷ್ಟವಾದಲ್ಲಿ ‘ಆಬ್ಲಾಂತೆ ದೆ ಕನಾರೇಸ್’ (ಕನ್ನಡ ಮಾತನಾಡುವ ವ್ಯಕ್ತಿ) ಎಂದೂ ರಾಜ್ಯ ಉದ್ದಿಷ್ಟವಾದಲ್ಲಿ ‘ದೆ ಕರ್ನಾಟಕ’ ಎಂದೂ ಬರೆಯುವುದು ಯುಕ್ತ. ಮೂಲದಲ್ಲಿ ಎರಡೂ ಅರ್ಥಗಳು ಬೆರೆತಿದ್ದರೆ ‘ಕನ್ನಡಿಗ’ವನ್ನೇ ಉಳಿಸಿ ಅಡಿಟಿಪ್ಪಣಿ ಕೊಡಬೇಕು.